ಎಂಟು ವರ್ಷದ ವಾರಂಟಿ, ನಾಲ್ಕೂವರೆ ವರ್ಷದ ದಾರಿ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಗಳಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ತೊಗರಿಯ ಧಾರಣೆ ಇವೆಲ್ಲವನ್ನೂ ಬಿಟ್ಟು ಇವತ್ತು ಮೋಟಾರು ಗಾಡಿಯ ಬ್ಯಾಟರಿಯ ಮಾತನ್ನು ಏತಕ್ಕೆ ಎತ್ತಿದಿರಿ ಎಂದು ತಾವು ಕೇಳಬಹುದು. ಅದೂ ಹೈಬ್ರಿಡ್ ಗಾಡಿಯ ಮಾತು! ಇಪ್ಪತ್ತು ಮೂವತ್ತು ಲಕ್ಷದ ಆ ಗಾಡಿಯಲ್ಲಿ ಕೂಡ್ರುವವರು ಗುತ್ತಿಗೆದಾರರು, ದೊಡ್ಡ ಸಾಹುಕಾರರು, ರಾಜಕಾರಣಿಗಳು. ಅವರ ಬ್ಯಾಟರಿ ಉಳಿದರೆ ನಮಗೇನು, ಸತ್ತರೆ ನಮಗೇನು?

ಆದರೆ ನಮ್ಮ ತಾಲೂಕುಗಳಿಗೆ ಹೊಸ ಗಾಡಿ ಯಾವತ್ತು ಬಂದಿದೆ? ಅಂಬಾಸಿಡರ್ ಬಂದದ್ದು ಎರಡನೆಯ ಕೈಯಿಂದ, ಸುಮೋ ಬಂದದ್ದು ಮೂರನೆಯ ಕೈಯಿಂದ. ಇಂದು ಸಂತೆಗೆ, ಮದುವೆಗೆ, ವಿಜಯಪುರದ ದವಾಖಾನೆಗೆ ನಮ್ಮನ್ನು ತುಂಬಿಕೊಂಡು ಓಡುವ ಕ್ರೂಸರ್ ಗಾಡಿಗಳಲ್ಲಿ ಎಷ್ಟು ಕೈ ಬದಲಾಗಿ ಬಂದಿವೆ ಎಂಬುದನ್ನು ಅವುಗಳ ಚಾಲಕರನ್ನೇ ಕೇಳಿರಿ. ಬಿಡದಿಯ ಕಾರ್ಖಾನೆಯಿಂದ 2022ರಲ್ಲಿ ಹೈರೈಡರ್ ಬಂತು, ಗ್ರ್ಯಾಂಡ್ ವಿಟಾರಾ ಬಂತು, ಆ ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಬಂತು. ಸಾಹುಕಾರನ ಮನಸ್ಸು ತುಂಬಿದ ಬಳಿಕ ಅವೂ ನಮ್ಮ ಕಡೆಗೇ ಇಳಿದು ಬರತಕ್ಕವು. ಗಿರಣಿಯ ಕೆಲಸ ಹೋದ ತರುಣನು ಸಾಲ ಮಾಡಿ ಅದನ್ನು ಕೊಂಡು ಹಳದಿ ಬೋರ್ಡು ಹಾಕಿಸುತ್ತಾನೆ. ಆಗ ಅದರ ಬ್ಯಾಟರಿಯ ಆಯುಷ್ಯವು ಅವನ ಮನೆಯ ಅನ್ನದ ಪ್ರಶ್ನೆಯಾಗುತ್ತದೆ. ಆದುದರಿಂದ ಈ ಮಾತು ಈಗಲೇ ಆಗಬೇಕು.

ಹೈಬ್ರಿಡ್ ಎಂದರೆ ಜೋಡೆತ್ತಿನ ಗಾಡಿ. ಒಂದು ಎತ್ತು ಪೆಟ್ರೋಲ್ ಎಂಜಿನು, ಇನ್ನೊಂದು ವಿದ್ಯುತ್ತಿನ ಮೋಟಾರು. ಬ್ರೇಕು ಒತ್ತಿದಾಗ, ಇಳಿಜಾರಿನಲ್ಲಿ ಇಳಿಯುವಾಗ ಸುಮ್ಮನೆ ಹಾಳಾಗುವ ಶಕ್ತಿಯನ್ನು ಈ ಮೋಟಾರು ಹಿಡಿದು ಬ್ಯಾಟರಿಗೆ ತುಂಬುತ್ತದೆ. ಏರು ಬಂದಾಗ ಅದನ್ನೇ ತೆಗೆದು ಎಂಜಿನಿಗೆ ಹೆಗಲು ಕೊಡುತ್ತದೆ. ಗೋಡೆಗೆ ತಂತಿ ಹಚ್ಚಿ ಚಾರ್ಜು ಮಾಡುವ ಗಾಡಿ ಇದಲ್ಲ. ಬ್ಯಾಟರಿಯೂ ಚಿಕ್ಕದು. ನಮ್ಮ ಮನೆಯ ಕರೆಂಟಿನ ಬಿಲ್ಲಿನಲ್ಲಿ ಯೂನಿಟ್ ಎಂದು ಬರೆಯುತ್ತಾರಲ್ಲ, ಅದೇ ಅಳತೆಯಲ್ಲಿ ಹೈರೈಡರಿನ ಬ್ಯಾಟರಿ ಒಂದು ಯೂನಿಟಿಗೂ ಕಡಿಮೆ. ಪೂರ್ಣ ವಿದ್ಯುತ್ ಕಾರಿಗಾದರೋ ಮೂವತ್ತು, ನಲವತ್ತು ಯೂನಿಟಿನದು ಬೇಕಾಗುತ್ತದೆ.

ಇಷ್ಟು ಚಿಕ್ಕ ಬ್ಯಾಟರಿ ಎಷ್ಟು ದಿನ ಬಾಳೀತು ಎಂಬ ಭಯ ಎಲ್ಲರಿಗೂ ಇದೆ. ಈ ಭಯವು ಅರ್ಧ ಸುಳ್ಳು. ನಮ್ಮ ಟ್ರ್ಯಾಕ್ಟರಿನ ಸೀಸದ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಕೈಕೊಡುತ್ತದೆ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿಗೂ ಅದೇ ಸೀಸದ ಬ್ಯಾಟರಿಯ ಕಾಟವಿತ್ತು. ಹೈಬ್ರಿಡ್ಡಿನಲ್ಲಿ ಇರುವುದು ನಿಕಲ್ ಅಥವಾ ಲಿಥಿಯಂ ಬ್ಯಾಟರಿ. ಅದನ್ನು ಗಾಡಿಯ ಗಣಕಯಂತ್ರವು ಪೂರ್ಣ ತುಂಬಲೂ ಬಿಡುವುದಿಲ್ಲ, ಪೂರ್ಣ ಬರಿದಾಗಲೂ ಬಿಡುವುದಿಲ್ಲ. ಎರಡು ಗೆರೆಗಳ ನಡುವೆಯೇ ಆಡಿಸುತ್ತದೆ. ಹೊಟ್ಟೆ ಬಿರಿಯುವಂತೆ ತಿಂದ ಎತ್ತೂ ದುಡಿಯಲಾರದು, ಉಪವಾಸವಿದ್ದುದೂ ದುಡಿಯಲಾರದು. ಅಮೆರಿಕದ ಗ್ರಾಹಕರ ಪತ್ರಿಕೆಯೊಂದು 2011ರಲ್ಲಿ 2002ರ ಮಾದರಿಯ ಹಳೆಯ ಪ್ರಿಯಸ್ ಗಾಡಿಯನ್ನು ಪರೀಕ್ಷೆ ಮಾಡಿತು. ಅದು ಎರಡು ಲಕ್ಷ ಮೈಲಿಗೂ ಮಿಕ್ಕಿ, ಅಂದರೆ 3,20,000 ಕಿಲೊಮೀಟರಿಗೂ ಹೆಚ್ಚು ಓಡಿದ್ದಿತು, ಮೊದಲಿನ ಬ್ಯಾಟರಿಯೇ ಇದ್ದಿತು. ಹತ್ತು ವರ್ಷದ ಹಿಂದೆ ಹೊಸ ಗಾಡಿ ಕೊಟ್ಟ ಮೈಲೇಜಿಗೂ ಇದರ ಮೈಲೇಜಿಗೂ ಹೆಚ್ಚಿನ ಅಂತರವೇ ಕಾಣಲಿಲ್ಲ.

ಹಾಗಾದರೆ ಭಯದ ಉಳಿದರ್ಧ ಯಾವುದು? ಬಿಸಿಲು ಮತ್ತು ಧೂಳು. ಬ್ಯಾಟರಿಗೆ ಕಾಲಕ್ಕಿಂತಲೂ ದೊಡ್ಡ ವೈರಿ ಕಾವು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಮುಚ್ಚಿದ ಗಾಡಿಯನ್ನು ಮಧ್ಯಾಹ್ನವೆಲ್ಲ ಬಯಲಿನಲ್ಲಿ ನಿಲ್ಲಿಸಿದರೆ ಒಳಗೆ ಏನಾದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಟರಿಯನ್ನು ತಂಪಾಗಿಡಲು ಚಿಕ್ಕದೊಂದು ಫ್ಯಾನು ಇರುತ್ತದೆ. ಅದು ಗಾಳಿ ಎಳೆಯುವ ಕಿಂಡಿ ಗಾಡಿಯ ಒಳಗೇ, ಸಾಮಾನ್ಯವಾಗಿ ಆಸನದ ಬದಿಗೋ ಕೆಳಗೋ ಇರುತ್ತದೆ. ಎರೆಭೂಮಿಯ ಧೂಳು ಆ ಕಿಂಡಿಯ ಜಾಳಿಗೆಯಲ್ಲಿ ಮೆತ್ತಿಕೊಂಡರೆ ಬ್ಯಾಟರಿಗೆ ಉಸಿರು ಕಟ್ಟುತ್ತದೆ. ಇಂಡಿಯ ನಿಂಬೆಹಣ್ಣಿನ ಚೀಲಗಳನ್ನು ಹಿಂದಿನ ಸೀಟಿನ ತನಕ ಒಟ್ಟಿ ಆ ಕಿಂಡಿಯನ್ನೇ ಮುಚ್ಚಿದರೆ ಮುಗಿಯಿತು. ಐದು ನಿಮಿಷದಲ್ಲಿ ಒರೆಸಿಕೊಳ್ಳುವ ಜಾಳಿಗೆಗಾಗಿ ಲಕ್ಷದ ಬಾಬತ್ತನ್ನು ಕಳೆದುಕೊಳ್ಳುವುದೆಂದರೆ ಏನು ಹೇಳೋಣ! ನೆರಳಿನಲ್ಲಿ ನಿಲ್ಲಿಸುವುದು, ಆ ಜಾಳಿಗೆಯನ್ನು ಆಗಾಗ ಸ್ವಚ್ಛ ಮಾಡಿಸುವುದು, ಇವೆರಡಕ್ಕೆ ಕಂಪನಿಯ ಅಪ್ಪಣೆ ಬೇಕಿಲ್ಲ.

ಇನ್ನು ವಾರಂಟಿಯ ಲೆಕ್ಕಕ್ಕೆ ಬರೋಣ. ಟೊಯೊಟಾ ಕಂಪನಿಯು ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೊಮೀಟರ್ ವಾರಂಟಿ ಎಂದು ಹೇಳುತ್ತದೆ. ಜಾಹೀರಾತಿನಲ್ಲಿ ಎಂಟು ವರ್ಷ ಎಂಬುದು ದೊಡ್ಡ ಅಕ್ಷರ. ಆದರೆ 'ಯಾವುದು ಮೊದಲೋ ಅದು' ಎಂಬ ಮಾತೇ ನಮ್ಮ ಕೊರಳಿಗೆ ಬೀಳುವುದು. ಸಾಹುಕಾರನ ಗಾಡಿ ವರ್ಷಕ್ಕೆ ಹನ್ನೆರಡು ಸಾವಿರ ಕಿಲೊಮೀಟರ್ ಓಡಿದರೆ ಎಂಟು ವರ್ಷಕ್ಕೆ ಒಂದು ಲಕ್ಷವೂ ತುಂಬುವುದಿಲ್ಲ. ಅವನಿಗೆ ಎಂಟೂ ವರ್ಷ ಸಿಕ್ಕವು. ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೊಮೀಟರ್. ದಿನಕ್ಕೆ ಒಮ್ಮೆ ಹೋಗಿ ಬಂದರೆ 120. ವರ್ಷಕ್ಕೆ ಮುನ್ನೂರು ದಿನ ದುಡಿದರೆ 36,000. ಹೊಸದಾಗಿ ಕೊಂಡವನಿಗೂ ವಾರಂಟಿ ನಾಲ್ಕೂವರೆ ವರ್ಷದೊಳಗೆ ತೀರಿತು. ಮುದ್ದೇಬಿಹಾಳದವನ ದಾರಿ ಇನ್ನೂ ಉದ್ದ, ಅವನಿಗೆ ಅಷ್ಟೂ ಇಲ್ಲ. ಇನ್ನು ಎರಡನೆಯ ಕೈಯಿಂದ ಕೊಂಡವನ ಪಾಡು ಹೇಳಲೇಬೇಕಾಗಿಲ್ಲ. ಹೆಚ್ಚು ದುಡಿಯುವವನಿಗೆ ಕಡಿಮೆ ರಕ್ಷಣೆ ಎಂಬ ಈ ನ್ಯಾಯ ಗಿರಣಿಯಲ್ಲಿಯೂ ನಮಗೆ ಗೊತ್ತಿದ್ದದ್ದೇ.

ಪೆಟ್ರೋಲು ಲೀಟರಿಗೆ ನೂರು ರೂಪಾಯಿ ಎಂದು ಹಿಡಿಯೋಣ. ಸಾದಾ ಗಾಡಿ ಲೀಟರಿಗೆ 14 ಕಿಲೊಮೀಟರ್, ಹೈಬ್ರಿಡ್ 21 ಕೊಟ್ಟಿತೆಂದಿಟ್ಟುಕೊಳ್ಳೋಣ. ಕಿಲೊಮೀಟರಿಗೆ ಉಳಿತಾಯ ಎರಡು ರೂಪಾಯಿ ಮೂವತ್ತೆಂಟು ಪೈಸೆ; 1,60,000 ಕಿಲೊಮೀಟರಿಗೆ ಮೂರು ಲಕ್ಷ ಎಂಬತ್ತು ಸಾವಿರ. ಆ ಬಳಿಕ ಬ್ಯಾಟರಿ ಸತ್ತು, ಬದಲಿಸಲು ಒಂದು ಲಕ್ಷ ತಗುಲಿತು ಎಂದೇ ಇಟ್ಟುಕೊಂಡರೂ ಕಿಲೊಮೀಟರಿಗೆ ಬಿದ್ದದ್ದು ಅರವತ್ತೆರಡು ಪೈಸೆ. ಹಾಗಾದರೆ ಹೈಬ್ರಿಡ್ ತುಟ್ಟಿಯಲ್ಲ, ಲಾಭವೇ ಆಯಿತು ಎಂದು ಅಂಗಡಿಯ ಏಜಂಟ ಹೇಳುತ್ತಾನೆ. ಲೆಕ್ಕ ಸರಿ. ಆದರೆ ಲಾಭ ಉಂಡವನು ಯಾರು, ಬೆಲೆ ತೆತ್ತವನು ಯಾರು? ಮೂರು ಲಕ್ಷ ಎಂಬತ್ತು ಸಾವಿರ ಉಳಿಸಿಕೊಂಡವನು ಗಾಡಿ ಮಾರಿ ಹೋದ. ಒಂದು ಲಕ್ಷದ ಬಿಲ್ಲು ಬಂದದ್ದು ಅದನ್ನು ಕೊಂಡ ನಮ್ಮ ತರುಣನ ಕೈಗೆ; ಅವನು ಇನ್ನೂ ಒಂದು ಹಪ್ತೆಯನ್ನೂ ತೀರಿಸಿಲ್ಲ.

ಆ ಬಿಲ್ಲಿನ ಮೊತ್ತವಾದರೂ ಹೇಗೆ ನಿರ್ಧಾರವಾಗುತ್ತದೆ? ಜಗತ್ತಿನ ಪೇಟೆಯಲ್ಲಿ ಲಿಥಿಯಂ ಬ್ಯಾಟರಿಯ ಸರಾಸರಿ ಕಿಮ್ಮತ್ತು 2010ರಲ್ಲಿ ಯೂನಿಟಿಗೆ ಸಾವಿರ ಡಾಲರಿಗೂ ಮೇಲಿದ್ದದ್ದು 2024ರಲ್ಲಿ 115 ಡಾಲರಿಗೆ ಇಳಿಯಿತು. ನಮ್ಮ ರೂಪಾಯಿಯಲ್ಲಿ ಹತ್ತು ಸಾವಿರದೊಳಗೆ. ಹೈಬ್ರಿಡ್ಡಿನ ಬ್ಯಾಟರಿ ಚಿಕ್ಕದಾದರೂ ಒಮ್ಮೆಲೆ ಬಹಳ ಶಕ್ತಿ ಕೊಡಬೇಕು, ತೆಗೆದುಕೊಳ್ಳಬೇಕು. ಅದಕ್ಕೆ ಬೇರೆ ತರದ ಕೋಶಗಳು, ಕಾವಲು ಯಂತ್ರ, ತಂಪು ಮಾಡುವ ವ್ಯವಸ್ಥೆ, ಗಟ್ಟಿ ಪೆಟ್ಟಿಗೆ ಬೇಕು. ಆದುದರಿಂದ ಯೂನಿಟಿನ ಲೆಕ್ಕದಲ್ಲಿ ಅದು ತುಟ್ಟಿಯೆಂಬುದನ್ನು ನಾವು ಒಪ್ಪುತ್ತೇವೆ. ಆದರೂ ಅಮೆರಿಕದಲ್ಲಿ ಒಂದೂಕಾಲು ಯೂನಿಟ್ ಚಿಲ್ಲರೆಯ ಪ್ರಿಯಸ್ ಬ್ಯಾಟರಿ ಬದಲಿಸಲು ಎರಡು ಸಾವಿರದಿಂದ ನಾಲ್ಕು ಸಾವಿರ ಡಾಲರಿನವರೆಗೆ ತೆರಬೇಕಾಗಿ ಬಂದದ್ದುಂಟು. ನಡುವಿನ ಅಂತರವೆಲ್ಲ ಕೋಶದ ಖರ್ಚೇ? ಅದು ಕಾರ್ಮಿಕನ ಪಗಾರಕ್ಕೆ ಹೋಯಿತು ಎಂದಾದರೂ ಹೇಳಬಹುದೇ? ಅದೇ ಬಿಡದಿ ಕಾರ್ಖಾನೆಯಲ್ಲಿ 2020ರ ನವೆಂಬರದಲ್ಲಿ ಕೆಲಸದ ಹೊರೆಯ ಪ್ರಶ್ನೆಯ ಮೇಲೆ ಕಾರ್ಮಿಕರ ಮುಷ್ಕರವೂ ಕಂಪನಿಯ ಬೀಗಮುದ್ರೆಯೂ ನಡೆದು, ತಿಂಗಳುಗಟ್ಟಲೆ ತಂಟೆ ಎಳೆದಾಡಿದ್ದನ್ನು ತಾವು ಕೇಳಿದ್ದೀರಿ.

ಡಾ. ಲೋಹಿಯಾ ಅವರು 'ದಾಮ ಬಾಂಧೋ' ಎಂದರು. ಕಾರ್ಖಾನೆಯ ಜೀವನಾವಶ್ಯಕ ಸಾಮಾನಿನ ಮಾರಾಟದ ಬೆಲೆ ಅದರ ಉತ್ಪಾದನೆಯ ವೆಚ್ಚದ ಒಂದೂವರೆ ಪಟ್ಟನ್ನು ಮೀರಕೂಡದು ಎಂಬುದು ಅವರ ನೀತಿ. ಬಟ್ಟೆ, ಸಕ್ಕರೆ, ಔಷಧದ ಕಾಲದ ಮಾತು ಅದು. ಬಾಡಿಗೆ ಗಾಡಿಯೇ ಹೊಟ್ಟೆಪಾಡಾದವನಿಗೆ ಬ್ಯಾಟರಿಯೂ ಜೀವನಾವಶ್ಯಕವೇ. ಇದು ನಮ್ಮ ಪಕ್ಷದ ಹಳೆಯ ಹಟವೆಂದು ನಗುವವರಿಗೆ ಒಂದು ಮಾತು: 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಏತಕ್ಕೆ? ಬಿಡಿಭಾಗಗಳನ್ನೂ ದೋಷ ಹುಡುಕುವ ಸಾಧನಗಳನ್ನೂ ಹೊರಗಿನ ಮೇಸ್ತ್ರಿಗಳಿಗೆ ಸಿಗದಂತೆ ಕಟ್ಟಿಹಾಕಿ ಗ್ರಾಹಕನಿಂದ ಮನಬಂದ ಬೆಲೆ ಕೀಳುತ್ತಾರೆ ಎಂಬುದಕ್ಕೆ. ಅವನ್ನು ಮುಕ್ತ ಪೇಟೆಗೆ ಬಿಡಬೇಕೆಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಯ ಮೆಟ್ಟಿಲು ಹತ್ತಿದವು. ದುಡ್ಡಿದ್ದವನಿಗೆ ಕೋರ್ಟಿನ ಮೆಟ್ಟಿಲು ಬಹಳ.

ಹೈಬ್ರಿಡ್ಡಿನದೇ ಒಂದು ಕಥೆಯನ್ನೂ ಹೇಳಬೇಕು. ಹೊಂಡಾ ಕಂಪನಿಯು ಸಿವಿಕ್ ಹೈಬ್ರಿಡ್ ಎಂಬ ಗಾಡಿಯನ್ನು 2008ರಲ್ಲಿ ಇಪ್ಪತ್ತೊಂದೂವರೆ ಲಕ್ಷಕ್ಕೆ ನಮ್ಮ ದೇಶಕ್ಕೆ ತಂದಿತು. ಕೊಳ್ಳುವವರಿಲ್ಲದೆ ಅದೇ ವರ್ಷ ಸುಮಾರು ಎಂಟು ಲಕ್ಷ ಇಳಿಸಿ ಮಾರಿತು. ಎಂಟು ಲಕ್ಷ ಒಮ್ಮೆಲೆ ಇಳಿಸಲು ಬಂತೆಂದರೆ ಕಿಮ್ಮತ್ತು ಎಂಬುದು ದೇವರು ಬರೆದದ್ದಲ್ಲ ಎಂದಾಯಿತು. ಅದೇ ಮಾದರಿಯ ಬ್ಯಾಟರಿಗಳು ಅಮೆರಿಕದಲ್ಲಿ ಬೇಗ ಸೊರಗತೊಡಗಿದವು. ಕಂಪನಿಯು 2010ರಲ್ಲಿ ಬ್ಯಾಟರಿ ಉಳಿಸಲೆಂದು ಗಾಡಿಯ ಗಣಕಯಂತ್ರವನ್ನು ತಿದ್ದಿತು. ಮೈಲೇಜೇ ಬಿದ್ದುಹೋಯಿತೆಂದು ಮಾಲೀಕರು ಬೊಬ್ಬೆ ಹಾಕಿದರು. ಒಬ್ಬೊಬ್ಬರೇ ಕೂಗಿದಾಗ ಕೇಳದ ಕಿವಿ, ಎಲ್ಲರೂ ಒಂದೇ ದಾವೆಯಲ್ಲಿ ಕೂಡಿದಾಗ ಕೇಳಿತು. 2012ರ ರಾಜಿಯಲ್ಲಿ ಹಲವು ಮಾದರಿಗಳ ಬ್ಯಾಟರಿಯ ವಾರಂಟಿಯನ್ನು ಕಂಪನಿಯು ಬೆಳೆಸಿ ಕೊಡಬೇಕಾಯಿತು. ಆ ದಾವೆ ಹೂಡಿದವರು ಸಮಾಜವಾದಿಗಳೇನಲ್ಲ, ಕಾರಿನ ಮಾಲೀಕರು. ಆದರೂ ಗೆದ್ದದ್ದು ಸಂಘ.

ಕೊಳ್ಳುವ ಹೊತ್ತಿನ ಮಾತು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಹಲ್ಲು ನೋಡದೆ ಎತ್ತು ಕೊಂಡವರು ನಮ್ಮಲ್ಲಿ ಯಾರೂ ಇಲ್ಲ. ಬ್ಯಾಟರಿಗೂ ಹಲ್ಲು ಇದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿಗೆ ಯಂತ್ರ ಹಚ್ಚಿ ಒಳಗಿನ ತುಂಡುಗಳ ಬಲಾಬಲವನ್ನು ನೋಡಲು ಬರುತ್ತದೆ. ಹಳೆಯ ಪ್ರಿಯಸ್ಸಿನ ಬ್ಯಾಟರಿಯಲ್ಲಿ ಇಂಥ 28 ತುಂಡುಗಳು ಒಂದರ ಬೆನ್ನಿಗೊಂದು ಸಾಲಾಗಿ ಇದ್ದವು. ಒಂದು ಸೊರಗಿದರೆ ಸಾಲೇ ಕುಂಟುತ್ತದೆ. ಸೊರಗಿದ ಒಂದನ್ನಷ್ಟೇ ಬದಲಿಸಿ 'ಸೋವಿಯಲ್ಲಿ ಮಾಡಿಕೊಟ್ಟೆ' ಎನ್ನುವವರು ಸಿಗುತ್ತಾರೆ. ಹಳೆಯ ಇಪ್ಪತ್ತೇಳರ ಜೊತೆ ಹೊಸದೊಂದು ಹೊಂದದೆ ಕೆಲವು ತಿಂಗಳಲ್ಲಿ ಮತ್ತೆ ಅದೇ ಗೋಳು ಬರುವುದುಂಟು. ಪರೀಕ್ಷೆಯ ಚೀಟಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿರಿ. ವಾರಂಟಿಯು ಹೊಸ ಮಾಲೀಕನಿಗೆ ದಾಟುತ್ತದೆಯೇ, ಹಳದಿ ಬೋರ್ಡಿನ ಗಾಡಿಗೂ ಸಲ್ಲುತ್ತದೆಯೇ, ಬ್ಯಾಟರಿ ಪೂರ್ತಿ ಕೆಟ್ಟರೆ ಮಾತ್ರವೋ ಅಥವಾ ಶಕ್ತಿ ಕುಗ್ಗಿದರೂ ಸರಿಯೋ, ಬದಲಿಸಲು ಇಂದಿನ ಕಿಮ್ಮತ್ತು ಎಷ್ಟು, ಇವನ್ನು ಬಾಯಿಮಾತಿನಲ್ಲಿ ಕೇಳದೆ ಬರೆಸಿಕೊಳ್ಳಿರಿ.

ಇನ್ನೊಂದು ಮೋಸವುಂಟು. ಹೈಬ್ರಿಡ್ ಗಾಡಿಯಲ್ಲಿ ದೊಡ್ಡ ಬ್ಯಾಟರಿಯಲ್ಲದೆ ಎಲ್ಲ ಗಾಡಿಗಳಲ್ಲಿ ಇರುವಂಥ ಹನ್ನೆರಡು ವೋಲ್ಟಿನ ಸಾದಾ ಬ್ಯಾಟರಿಯೂ ಇದೆ. ಗಾಡಿ ಬೆಳಗ್ಗೆ ಎದ್ದೇಳದಿದ್ದರೆ ಬಹಳ ಸಲ ಸತ್ತಿರುವುದು ಈ ಚಿಕ್ಕದು. ಅದನ್ನು ಮೊದಲು ನೋಡಿಸದೆ ದೊಡ್ಡದು ಹೋಯಿತು ಎಂದು ಹೆದರಿಸುವವನ ಮಾತಿಗೆ ಸಹಿ ಹಾಕಬಾರದು.

ನಮ್ಮ ಊರುಗಳಲ್ಲಿ ಭಿಶಿ ಹಾಕದ ಪೇಟೆ ಇಲ್ಲ. ಬಾಡಿಗೆ ಗಾಡಿಯವರು ಕೂಡಿ ಕಿಲೊಮೀಟರಿಗೆ ಅರವತ್ತು ಪೈಸೆಯಂತೆ ಬ್ಯಾಟರಿಯ ಭಿಶಿ ಏಕೆ ಹಾಕಬಾರದು? ದಿನಕ್ಕೆ 120 ಕಿಲೊಮೀಟರಿಗೆ ಎಪ್ಪತ್ತೆರಡು ರೂಪಾಯಿ. ಇಂದು ಪೆಟ್ರೋಲಿನಲ್ಲಿ ಉಳಿಯುವ ಹಣದಿಂದಲೇ ಅದನ್ನು ಎತ್ತಿಡಬಹುದು. ಇಪ್ಪತ್ತು ಗಾಡಿಯವರು ಒಂದಾಗಿ ಹೋದರೆ ಡೀಲರನು ಕುರ್ಚಿ ಹಾಕಿ ಮಾತಾಡಿಸುತ್ತಾನೆ. ಅವನು ಕೇಳದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷದವರೆಗಿನ ಬಾಬತ್ತಿಗೆ ಶುಲ್ಕವಿಲ್ಲ, ವಕೀಲನೂ ಕಡ್ಡಾಯವಲ್ಲ. ನಿನ್ನದು ವ್ಯಾಪಾರದ ಗಾಡಿ, ನೀನು ಗ್ರಾಹಕನಲ್ಲ ಎಂದು ಯಾರಾದರೂ ಅಂದರೆ, ಸ್ವಂತ ದುಡಿಮೆಯ ಹೊಟ್ಟೆಪಾಡಿಗಾಗಿ ಕೊಂಡವನೂ ಗ್ರಾಹಕನೇ ಎಂದು 2019ರ ಕಾಯದೆಯಲ್ಲಿ ಬರೆದಿರುವುದನ್ನು ತೋರಿಸಿರಿ.

ಕಡೆಯದಾಗಿ ಗ್ಯಾರೇಜಿನ ಹುಡುಗರಿಗೂ ಗುಜರಿಯವರಿಗೂ ಒಂದು ಮಾತು. ಸತ್ತ ಬ್ಯಾಟರಿ ಕಸವಲ್ಲ. ಅದರಲ್ಲಿ ನಿಕಲ್ ಮುಂತಾದ ಬೆಲೆಯುಳ್ಳ ಲೋಹಗಳಿವೆ, ಮತ್ತು 2022ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ತಯಾರಕನದು. ಹೊಸದನ್ನು ಹಾಕಿಸುವಾಗ ಹಳೆಯದಕ್ಕೆ ಎಷ್ಟು ಮುಜರೆ ಕೊಡುತ್ತೀರಿ ಎಂದು ಕೇಳಿರಿ. ಆದರೆ ಅದನ್ನು ಅಂಗಳದಲ್ಲಿ ಒಡೆಯಲು ಹೋಗಬೇಡಿರಿ. ಆ ಪೆಟ್ಟಿಗೆಯಲ್ಲಿ ಇನ್ನೂರು ವೋಲ್ಟಿನ ಆಸುಪಾಸು ನೇರ ವಿದ್ಯುತ್ತು ಇರುತ್ತದೆ. ಗಾಡಿ ಓಡುವುದು ನಿಂತ ಮಾತ್ರಕ್ಕೆ ಅದು ಹೋಗಿರುವುದಿಲ್ಲ. ಗಾಡಿಯ ಅಡಿಯಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಕಂಡರೆ, ತರಬೇತಿ ಇಲ್ಲದ ಕೈ ಅವನ್ನು ಮುಟ್ಟಬಾರದು. ಮಾಲೀಕನು ಎಷ್ಟೇ ಅವಸರ ಮಾಡಲಿ, ಹದಿನೆಂಟರ ಹುಡುಗನನ್ನು ಅದರ ಕೆಳಗೆ ನುಗ್ಗಿಸಬೇಡಿರಿ.