ಲಾರಿಯ ನಡುಕ, ರಿಪೇರಿಯ ಲೆಕ್ಕ



ರಾಯಚೂರಿನಿಂದ ಮಂತ್ರಾಲಯ ರೋಡಿನ ಕಡೆಗೆ ರೈಲಿನಲ್ಲಿ ಹೊರಟರೆ ದಾರಿಯಲ್ಲಿ ಸಿಗುವ ನಿಲ್ದಾಣಗಳಲ್ಲಿ ಮಟಮಾರಿಯೂ ಒಂದು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಯಲ್ಲಿ ಮಾನ್ವಿಯ ಭತ್ತವಿರಲಿ, ದೇವದುರ್ಗದ ಹತ್ತಿಯಿರಲಿ, ಹೊಲದಿಂದ ಮಾರುಕಟ್ಟೆಗೆ ಬರಬೇಕಾದರೆ ಲಾರಿ ಬೇಕು. ನಿಮ್ಮಲ್ಲಿ ಕೆಲವರ ಮನೆಯ ಒಲೆ ಉರಿಯುವುದೇ ಒಂದು ಲಾರಿಯ ದುಡಿಮೆಯಿಂದ ಇರಬಹುದು. ಅಂಥ ಮನೆಯ ಲಾರಿ ಒಂದು ದಿನ ನಡುಗತೊಡಗಿತು ಎನ್ನಿ. ಷೋರೂಮಿನ ವರ್ಕ್‌ಷಾಪಿಗೆ ಒಯ್ದರೆ ಬಿಲ್ಲು ಎಷ್ಟಾದೀತೋ ಎಂಬ ಭಯ. ಒಯ್ಯದಿದ್ದರೆ ದಾರಿಯಲ್ಲಿ ಅನಾಹುತವಾದೀತೆಂಬ ಭಯ. ಇವೆರಡರ ನಡುವೆ ನಿಮ್ಮ ಶಾಲೆಯ ಭೌತಶಾಸ್ತ್ರ ಮತ್ತು ನಾಗರಿಕಶಾಸ್ತ್ರ ಹೇಗೆ ನೆರವಾಗುತ್ತವೆ ಎಂಬುದನ್ನು ಇಂದು ನೋಡೋಣ.

ತಿರುಗುವ ವಸ್ತುವಿನ ತೂಕ ಸುತ್ತಲೂ ಸಮನಾಗಿ ಹಂಚಿರದಿದ್ದರೆ ಅದು ನಡುಗುತ್ತದೆ. ಅರ್ಧ ಮೀಟರ್ ತ್ರಿಜ್ಯದ ಚಕ್ರದ ಅಂಚಿನಲ್ಲಿ ಒಂದು ಕಡೆ ಕೇವಲ 100 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 14 ನ್ಯೂಟನ್ ಬಲದಿಂದ ಚಕ್ರವನ್ನು ಎಳೆಯುತ್ತದೆ. ವೇಗ 60 ಆದಾಗ ಆ ಬಲ 28 ಅಲ್ಲ, ಸುಮಾರು 55 ನ್ಯೂಟನ್. ಅಂದರೆ ಐದೂವರೆ ಕಿಲೋ ತೂಕಕ್ಕೆ ಸಮ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಊರೊಳಗೆ ಸುಮ್ಮನಿದ್ದ ಲಾರಿ ಹೆದ್ದಾರಿಯಲ್ಲಿ ಅದುರುವುದಕ್ಕೆ ಇದೇ ಕಾರಣ.

ಹಾಗಾದರೆ ದೋಷ ಎಲ್ಲಿದೆ? ಮೊದಲು ಲಾರಿಯನ್ನು ನಿಲ್ಲಿಸಿ, ಎಲ್ಲ ಚಕ್ರಗಳ ನಟ್ಟುಗಳು ಬಿಗಿಯಾಗಿವೆಯೇ ಎಂದು ಪರೀಕ್ಷಿಸಬೇಕು. ಟಯರು ಉಬ್ಬಿದೆಯೇ, ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿದೆಯೇ ಎಂದು ನೋಡಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಅನಂತರ, ನಿಂತಲ್ಲೇ ಇಂಜಿನಿನ ವೇಗ ಏರಿಸಿದಾಗಲೂ ನಡುಕ ಬಂದರೆ ದೋಷ ಇಂಜಿನಿನಲ್ಲೋ ಅದನ್ನು ಹೊತ್ತ ರಬ್ಬರ್ ಮೌಂಟಿಂಗಿನಲ್ಲೋ ಇರಬಹುದು. ಅನುಭವಿ ಚಾಲಕರು ಖಾಲಿ ರಸ್ತೆಯಲ್ಲಿ ಒಂದೇ ವೇಗವನ್ನು ಎರಡು ಬೇರೆ ಗೇರುಗಳಲ್ಲಿ ಕಾಯ್ದುಕೊಂಡು ನೋಡುತ್ತಾರೆ. ಗೇರು ಬದಲಾದರೂ ನಡುಕ ಬದಲಾಗದಿದ್ದರೆ ಅದು ಚಕ್ರಗಳದ್ದು ಇಲ್ಲವೇ ಪ್ರೊಪೆಲ್ಲರ್ ಶಾಫ್ಟಿನದು. ಸ್ಟಿಯರಿಂಗ್ ಅದುರಿದರೆ ಮುಂದಿನ ಚಕ್ರಗಳ ಮೇಲೆ ಅನುಮಾನ. ಬ್ರೇಕು ಒತ್ತಿದಾಗ ಮಾತ್ರ ಅದುರಿದರೆ ಬ್ರೇಕ್ ಡ್ರಮ್ಮಿನ ಮೇಲೆ.

ಪ್ರೊಪೆಲ್ಲರ್ ಶಾಫ್ಟಿನ ಕಥೆ ಸ್ವಾರಸ್ಯದ್ದು. ಅಕ್ಷದ ಅನುಪಾತ ಆರು ಇರುವ ಲಾರಿಯಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಆರು ಸುತ್ತು ಬರುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಐದು ಸಲ ತಿರುಗಿದರೆ ಶಾಫ್ಟು ಮೂವತ್ತಕ್ಕೂ ಹೆಚ್ಚು ಸಲ ತಿರುಗುತ್ತದೆ. ಆದ್ದರಿಂದ ನಿಧಾನದ ಕುಲುಕಾಟ ಚಕ್ರದ ಗುರುತು. ಝುಮ್ಮೆನ್ನುವ ಸಣ್ಣ ನಡುಕ ಶಾಫ್ಟಿನ ಗುರುತು. ಶಾಫ್ಟಿನ ತುದಿಗಳಲ್ಲಿರುವ ಯುನಿವರ್ಸಲ್ ಜಾಯಿಂಟಿಗೆ ಹುಕ್ಸ್ ಜಾಯಿಂಟ್ ಎಂಬ ಹೆಸರೂ ಇದೆ. ಸ್ಪ್ರಿಂಗಿನ ನಿಯಮದಲ್ಲಿ ನೀವು ಓದಿರುವ ರಾಬರ್ಟ್ ಹುಕ್ ಇವನೇ. ಬಾಗಿ ನಿಂತ ಇಂಥ ಜಾಯಿಂಟು ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗವನ್ನು ಏರಿಳಿಸುತ್ತದೆ. ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸಬೇಕಾದರೆ ಶಾಫ್ಟಿನ ಎರಡೂ ತುದಿಗಳ ಕವಲುಗಳು ಒಂದೇ ನೇರದಲ್ಲಿರಬೇಕು. ಬಿಚ್ಚಿ ಜೋಡಿಸುವಾಗ ಹಲ್ಲು ತಪ್ಪಿ ಕೂತರೆ ಹೊಸ ಭಾಗ ಹಾಕಿದರೂ ನಡುಕ ಹೋಗದು. ಬಿಚ್ಚುವ ಮೊದಲೇ ಎರಡೂ ಕಡೆ ಬಣ್ಣದ ಗುರುತು ಹಾಕಿದರೆ ಸಾಕು. ಎಷ್ಟೋ ವೇಳೆ ಸಾವಿರಾರು ರೂಪಾಯಿ ಉಳಿಸುವುದು ಆ ಒಂದು ಬೊಟ್ಟು ಬಣ್ಣ.

ಈಗ ಬಿಲ್ಲಿನ ವಿಷಯ. ವರ್ಕ್‌ಷಾಪಿಗೆ ಹೋದಾಗ "ಗಾಡಿ ನಡುಗುತ್ತದೆ, ನೋಡಿ" ಎಂದಷ್ಟೇ ಹೇಳಬೇಡಿ. ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಲೋಡು ಇದ್ದಾಗಲೋ ಖಾಲಿಯಲ್ಲೋ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಭಾಗಗಳ ಬೆಲೆ ಮತ್ತು ಕೂಲಿ ಬೇರೆ ಬೇರೆಯಾಗಿರುವ ಅಂದಾಜನ್ನು ಕೇಳಿ. ಅಂದಾಜು ಮೀರುವುದಾದರೆ ಮೊದಲು ತಮ್ಮ ಒಪ್ಪಿಗೆ ಪಡೆಯಬೇಕೆಂದು ಬರೆಸಿ. ಬದಲಿಸಿದ ಹಳೆಯ ಭಾಗಗಳನ್ನು ಹಿಂದಕ್ಕೆ ಪಡೆಯಿರಿ. ವಾರಂಟಿ ಅವಧಿ ಉಳಿದಿದೆಯೇ ಎಂದು ನೋಡಿ. ಇದೆಲ್ಲ ಮೊದಲೇ ಆಗಬೇಕು. ಏಕೆಂದರೆ 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಒಪ್ಪಿಸಿದ ಕೆಲಸವನ್ನು ಮಾಡಿದವನು ತನ್ನ ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆದಿಟ್ಟುಕೊಳ್ಳಬಹುದು. ಲಾರಿ ನಿಂತ ಪ್ರತಿ ದಿನವೂ ಮನೆಗೆ ನಷ್ಟ. ಅನಿವಾರ್ಯವಾದರೆ ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು, ಹಣ ಕಟ್ಟಿ, ಲಾರಿ ಬಿಡಿಸಿಕೊಂಡು, ಆಮೇಲೆ ನ್ಯಾಯ ಕೇಳುವುದು ಜಾಣತನ.

ಲಾರಿ ವ್ಯಾಪಾರದ್ದಲ್ಲವೇ, ಗ್ರಾಹಕರ ಕಾನೂನು ಅದಕ್ಕೆ ಅನ್ವಯಿಸೀತೇ ಎಂದು ನೀವು ಕೇಳಬಹುದು. 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸಿತು. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಲಾರಿ ಕೊಂಡು ತಾನೇ ಓಡಿಸುವವನು ಗ್ರಾಹಕನೇ. ಒಬ್ಬಿಬ್ಬರ ನೆರವು ಪಡೆದರೂ ಅದು ತಪ್ಪದು. 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಸ್ವಉದ್ಯೋಗಿಗಳನ್ನು ಹೊರಗಿಟ್ಟಿಲ್ಲ. ಬಿಲ್ಲು ಕೊಡದಿರುವುದು ಆ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎನಿಸಿದೆ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಷೋರೂಮು ಬೇರೆ ಜಿಲ್ಲೆಯಲ್ಲಿದ್ದರೂ ಮಟಮಾರಿಯವರಿಗೆ ರಾಯಚೂರಿನ ಆಯೋಗವೇ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಅವಧಿ 2 ವರ್ಷ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮೆಕ್ಯಾನಿಕನನ್ನು ಮೊದಲಿಂದಲೇ ಅನುಮಾನಿಸಬೇಕೆಂದು ಇದರ ಅರ್ಥವಲ್ಲ. ಸರಿಯಾದ ವಿವರ ಕೈಗಿತ್ತರೆ ಒಳ್ಳೆಯ ಮೆಕ್ಯಾನಿಕನ ಕೆಲಸ ಹಗುರಾಗುತ್ತದೆ. ಮನೆಯಲ್ಲಿ ಓದುಬರಹ ಬಲ್ಲವರು ನೀವಾಗಿದ್ದರೆ, ಮುಂದಿನ ಸಲ ಲಾರಿ ರಿಪೇರಿಗೆ ಹೊರಟಾಗ ಜಾಬ್ ಕಾರ್ಡನ್ನು ಓದಿ ಹೇಳುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.