ಹಾಡಿನೊಳಗೆ ನಮ್ಮ ಭೂತನಾಥ



ನನ್ನ ಕೆಲಸ ಕಂಪ್ಯೂಟರಿನದು. ಆದರೂ ಇಂದು ಒಂದು ಸಿನಿಮಾ ಹಾಡಿನ ಬಗ್ಗೆ ಮಾತಾಡುತ್ತೇನೆ. 2007ರಲ್ಲಿ ಬಂದ ಮಣಿರತ್ನಂ ಅವರ ಹಿಂದಿ ಚಿತ್ರ ‘ಗುರು’. ಅದರ ‘ಬರ್ಸೋ ರೇ’ ಹಾಡಿಗೆ ಎ. ಆರ್. ರೆಹಮಾನ್ ಸಂಗೀತ, ಶ್ರೇಯಾ ಘೋಷಾಲ್ ದನಿ. ಐಶ್ವರ್ಯಾ ರೈ ಕುಣಿಯುವಾಗ ಕಾಣುವ ನೀರಂಚಿನ ಗುಡಿ ನಮ್ಮ ಭೂತನಾಥನದು. ನಮ್ಮ ತಾಯಂದಿರು ಅರಿವೆ ಒಗೆಯುವ ಅಗಸ್ತ್ಯ ತೀರ್ಥದ ದಂಡೆ ಅದು!

ಕಥೆಯಲ್ಲಿ ಮಾತ್ರ ಅದು ಗುಜರಾತಿನ ಹಳ್ಳಿ. ಬಾದಾಮಿ, ಮೇಲುಕೋಟೆ, ಕೇರಳದ ಅತಿರಪ್ಪಿಳ್ಳಿ ಜಲಪಾತ, ಇಷ್ಟನ್ನೂ ಹೊಲಿದು ಒಂದೇ ಊರು ಮಾಡಿದ್ದಾರೆ. (ಮಳೆಗಾಲದಲ್ಲಿ ನಮ್ಮ ಅಕ್ಕ-ತಂಗಿ ಜಲಪಾತ ನೋಡಿದ್ದರೆ ಕೇರಳಕ್ಕೆ ಹೋಗುತ್ತಿರಲಿಲ್ಲವೇನೋ!) ಸಿನಿಮಾ ಎಂದರೆ ಹಾಗೆಯೇ, ತಕರಾರಿಲ್ಲ. ಆದರೆ ಈ ಹಾಡು ಬಾಯಿಪಾಠವಿರುವ ನನ್ನ ಸಹೋದ್ಯೋಗಿಗಳಿಗೆ ಆ ಗುಡಿ ಎಲ್ಲಿಯದೆಂದೇ ಗೊತ್ತಿರಲಿಲ್ಲ. ನಮ್ಮ ಕಲ್ಲು ಜಗತ್ತೆಲ್ಲ ನೋಡಿತು, ಹೆಸರು ಇಲ್ಲೇ ಉಳಿಯಿತು. ಮೂರನೇ ಗುಹೆಯಲ್ಲಿ ಮಂಗಲೇಶ 578ರಲ್ಲೇ ಕಾಲ ಸಮೇತ ಶಾಸನ ಬರೆಸಿದ್ದಾನೆ. ಹೆಸರಿನ ಬೆಲೆ ಆತನಿಗೆ ಗೊತ್ತಿತ್ತು.

ಮಕ್ಕಳೇ, ಈಗ ನಿಮ್ಮ ಕೈಯಲ್ಲೂ ಕ್ಯಾಮೆರಾ ಇದೆ. ನಮ್ಮದು ಮರಳುಗಲ್ಲು, ಬೇಗ ಸವೆಯುತ್ತದೆ. ರೀಲ್ಸ್‌ಗಾಗಿ ಕಂಬ, ಮೂರ್ತಿ ಹತ್ತಬೇಡಿ. ಸಿನಿಮಾದವರೂ ಪುರಾತತ್ವ ಇಲಾಖೆಯ ಪರವಾನಗಿ ಪಡೆದೇ ಚಿತ್ರೀಕರಿಸಬೇಕು. ಕೆಳಗೆ ನಿಂತೇ ವಿಡಿಯೊ ಮಾಡಿ. ಮೊದಲ ಚಿತ್ರದ ಮೇಲೆ ದಪ್ಪ ಅಕ್ಷರದಲ್ಲಿ ‘ಭೂತನಾಥ ಗುಡಿ, ಬಾದಾಮಿ’ ಎಂದು ಬರೆಯಿರಿ. ನನಗೂ ಒಂದು ಕಳಿಸಿ, ಆಫೀಸಿನಲ್ಲಿ ತೋರಿಸುತ್ತೇನೆ.