ಗಾಳಿಯ ಗುದ್ದು ಅಳೆಯುವುದು ಹೇಗೆ?



ಮಳೆಗಾಲದ ರಾತ್ರಿ ಮೇಲಿನ ಮಹಡಿಯ ಸ್ಲೈಡಿಂಗ್ ಕಿಟಕಿ ದಡದಡ ಅನ್ನುವುದನ್ನು ನೀವೆಲ್ಲ ಕೇಳಿದ್ದೀರಿ. ಗಾಳಿ ಒಂದೇ ಸಮನೆ ಒತ್ತಿ ಹಿಡಿದಿದ್ದರೆ ಕಿಟಕಿ ಸದ್ದು ಮಾಡುತ್ತಿರಲಿಲ್ಲ. ಅದು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಕಟ್ಟಡಕ್ಕೆ ಅಪಾಯ ಇರುವುದೂ ಈ ಏರಿಳಿತದಲ್ಲೇ. ಇದನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ಘಟನೆ ಹೇಳುತ್ತೇನೆ.

ಯಾರ್ಕ್‌ಷೈರಿನ ಫೆರಿಬ್ರಿಜ್‌ನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದಿತ್ತು. ಅದಕ್ಕೆ ಎರಡು ಸಾಲಿನಲ್ಲಿ ಎಂಟು ಕೂಲಿಂಗ್ ಟವರುಗಳು. ಒಂದೊಂದೂ 375 ಅಡಿ ಎತ್ತರ, ಕಾಂಕ್ರೀಟ್ ಗೋಡೆಯ ದಪ್ಪ ಮಾತ್ರ ಐದು ಇಂಚಿನಷ್ಟು. 1965ರ ನವೆಂಬರ್ 1ರಂದು ಬಿರುಗಾಳಿ ಬೀಸಿತು. ಒಂದರ ಹಿಂದೊಂದು ಮೂರು ಟವರುಗಳು ಕುಸಿದವು. ವಿಚಿತ್ರ ನೋಡಿ, ಬಿದ್ದದ್ದು ಗಾಳಿಗೆ ಎದೆಕೊಟ್ಟು ನಿಂತ ಮುಂದಿನ ಸಾಲಿನವಲ್ಲ, ಅದರ ಮರೆಯಲ್ಲಿದ್ದ ಹಿಂದಿನ ಸಾಲಿನವು! ಮುಂದಿನ ಟವರುಗಳ ನಡುವೆ ನುಗ್ಗಿದ ಗಾಳಿ ಸುಳಿಸುಳಿಯಾಗಿ ಹಿಂದಿನವನ್ನು ಹಿಡಿದು ಅಲುಗಿಸಿತ್ತು. ಮೊದಲು ಗಾಳಿಸುರಂಗದಲ್ಲಿ ಪರೀಕ್ಷೆ ನಡೆದದ್ದು ಒಂಟಿ ಟವರಿನ ಮಾದರಿಯ ಮೇಲೆ. ಲೆಕ್ಕ ಹಾಕಿದ್ದು ಒಂದು ನಿಮಿಷದ ಸರಾಸರಿ ವೇಗಕ್ಕೆ. ಕೆಡವಿದ್ದು ಕೆಲವೇ ಸೆಕೆಂಡಿನ ಬೀಸು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡರೆ ಸರಾಸರಿ ಎಷ್ಟು ಮೋಸ ಮಾಡೀತು ಎಂದು ತಿಳಿಯುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಈಗ ಕಟ್ಟಡದ ಪುಟ್ಟ ಮಾದರಿ ಮಾಡಿ, ಸುತ್ತಮುತ್ತಲಿನ ಕಟ್ಟಡಗಳನ್ನೂ ಮಾಡಿಟ್ಟು, ಗಾಳಿಸುರಂಗದೊಳಗೆ ನಿಲ್ಲಿಸುತ್ತಾರೆ. ಮಾದರಿಯ ಮೈತುಂಬ ಸೂಜಿಮೊನೆಯಷ್ಟು ರಂಧ್ರಗಳು, ಕೆಲವೊಮ್ಮೆ ನೂರಾರು. ಪ್ರತಿಯೊಂದರಿಂದಲೂ ಸಣ್ಣ ನಳಿಕೆ ಒತ್ತಡಮಾಪಕಕ್ಕೆ ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೇ, ಸೆಕೆಂಡಿಗೆ ನೂರಾರು ಸಲ ಓದಬೇಕು. ಏಕೆಂದರೆ ಒಂದು ಮೂಲೆಯನ್ನು ಗಾಳಿ ಎಳೆಯುವ ಕ್ಷಣದಲ್ಲೇ ಪಕ್ಕದ ಜಾಗವನ್ನೂ ಎಳೆಯಿತೇ ಎಂಬುದು ಗೊತ್ತಾಗಬೇಕು. ರಂಧ್ರದ ಅಂಚು ಕೂದಲೆಳೆಯಷ್ಟು ಉಬ್ಬಿದ್ದರೂ ಅದೇ ಒಂದು ಸುಳಿ ಎಬ್ಬಿಸುತ್ತದೆ. ನಳಿಕೆ ಉದ್ದವಾದರೆ ಕೊಳಲಿನಂತೆ ಕೆಲವು ಕಂಪನಗಳನ್ನು ಹಿಗ್ಗಿಸಿ, ಕೆಲವನ್ನು ನುಂಗಿಬಿಡುತ್ತದೆ. ಆ ತಪ್ಪನ್ನೂ ಲೆಕ್ಕ ಮಾಡಿ ತಿದ್ದಬೇಕು.

ನನ್ನ ಮುಂದಿರುವ ಮೈಕೂ ಇದೇ ಜಾತಿಯದು ಅಂದರೆ ನಗಬೇಡಿ. ಒತ್ತಡದ ಏರಿಳಿತವನ್ನು ಅಳೆಯುವುದೇ ಅದರ ಕೆಲಸ. 'ಪ', 'ಫ' ಅಂದಾಗ ಬಾಯಿಂದ ಹೊರಟ ಗಾಳಿ ಅದಕ್ಕೆ ನೇರ ಗುದ್ದದಿರಲಿ ಎಂದೇ ನಾವು ಸ್ಪಂಜಿನ ಟೋಪಿ ಹಾಕುವುದು. ವಿಮಾನದ ಮೈಮೇಲಿನ ಅತಿವೇಗದ ಏರಿಳಿತ ಹಿಡಿಯಲು ಪುಟ್ಟ ಮೈಕುಗಳನ್ನು ಮೇಲ್ಮೈಗೆ ಸಮನಾಗಿ ಹುದುಗಿಸುತ್ತಾರೆ, ಅಲ್ಲಿ ಟೋಪಿ ಇಲ್ಲ! ಆದರೆ ಮೈಕು ಸುಳಿಗಿಂತ ದೊಡ್ಡದಾದರೆ ಒಂದೇ ಬಾರಿಗೆ ಹಲವು ಸುಳಿಗಳ ಮೊತ್ತ ಸಿಗುತ್ತದೆ. ಮತ್ತೆ ಅದೇ ಸರಾಸರಿಯ ಕಾಟ.

ಈಗ ನಮ್ಮ ಊರುಗಳಿಗೆ ಬರೋಣ. ಭಾರತದ ಗಾಳಿ ಸಂಹಿತೆ ಲೆಕ್ಕ ಹಿಡಿಯುವುದು ಮೂರು ಸೆಕೆಂಡಿನ ಬೀಸನ್ನು. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಪುಣೆಗೆ 39, ಮುಂಬಯಿ ಮತ್ತು ಹೈದರಾಬಾದಿಗೆ 44, ಚೆನ್ನೈಗೆ 50. ಮುಂಬಯಿಯ 44 ಅಂದರೆ ಚದರ ಮೀಟರಿಗೆ ಸುಮಾರು 118 ಕೆ.ಜಿ. ಭಾರದಷ್ಟು ಒತ್ತಡ, ಬೆಂಗಳೂರಿನ 33ಕ್ಕೆ ಸುಮಾರು 67. ಎತ್ತರ, ಆಕಾರ, ನೆರೆಯ ಕಟ್ಟಡಗಳ ಲೆಕ್ಕ ಸೇರುವುದು ಇದರ ಮೇಲೆ. ಊರಲ್ಲಿ ತಮ್ಮನ ಮನೆಗೆ ಹಾಕಿಸಿದ ಗಾಜನ್ನೇ ಇಲ್ಲಿಗೂ ಹಾಕಿಸುತ್ತೇನೆ ಅನ್ನುವವರು ಸ್ವಲ್ಪ ಯೋಚಿಸಿ.

ಇನ್ನೊಂದು ಮಾತು. ಗಾಳಿ ಗಾಜನ್ನು ಒಳಕ್ಕೆ ತಳ್ಳುತ್ತದೆ ಎಂದೇ ನಾವು ತಿಳಿದಿರುತ್ತೇವೆ. ಕಟ್ಟಡದ ಮೂಲೆ, ಅಂಚುಗಳಲ್ಲಿ ಅದು ಹೊರಕ್ಕೆ ಎಳೆಯುತ್ತದೆ, ಅದೂ ಬಲವಾಗಿ. ಮೂಲೆಯ ಫ್ಲಾಟಿಗೆ ಒಳ್ಳೆಯ ಗಾಳಿ, ಒಳ್ಳೆಯ ನೋಟ ಎಂದು ಹೆಚ್ಚು ದುಡ್ಡು ಕೊಟ್ಟು ಬುಕ್ ಮಾಡುವವರಿದ್ದೀರಿ. ಸಹಿ ಹಾಕುವ ಮುನ್ನ ಬಿಲ್ಡರನ್ನು ಕೇಳಿ: ಮೂಲೆಯ ಗಾಜಿನ ದಪ್ಪ ಎಷ್ಟು, ಯಾವ ಗಾಳಿವೇಗಕ್ಕೆ ಲೆಕ್ಕ ಹಾಕಿದ್ದೀರಿ, ಗಾಳಿಸುರಂಗದ ಪರೀಕ್ಷೆ ಮಾಡಿಸಿದ್ದರೆ ಪಕ್ಕದ ಟವರನ್ನೂ ಅದರಲ್ಲಿ ಇಟ್ಟಿದ್ದಿರಾ?